ದೋಣಿಯಲ್ಲಿ ಹೋಗಿ ಟೆಂಟ್ ಹಾಕಿ ಮೀನು ಹಿಡಿಯಬೇಕಾ? ಲೆಕ್ಕ ಸಂಜೆ ನಾಲ್ಕರಿಂದ ಹಿಂದಕ್ಕೆ ಹಾಕಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ನನಗೆ ಬರುವ ಫೋನುಗಳಲ್ಲಿ ಕಥೆ ಒಂದೇ. "ಶನಿವಾರ ಬೆಳಿಗ್ಗೆ ಆರಕ್ಕೆ ಬಿಡ್ತೀವಿ ಅಂದ್ಕೊಂಡು ಎಂಟಕ್ಕೆ ಬಿಟ್ವಿ, ನೆಲಮಂಗಲ ದಾಟೋಷ್ಟರಲ್ಲಿ ಹತ್ತು, ಹಿನ್ನೀರು ಮುಟ್ಟಿದಾಗ ಸಂಜೆ ಐದೂವರೆ. ಕತ್ತಲಲ್ಲೇ ದೋಣಿ ಇಳಿಸಿದ್ವಿ. ಟೆಂಟಿನ ಗೂಟ ಕಾರಲ್ಲೇ ಉಳಿದಿತ್ತು. ಮೀನಾ? ಗಾಳ ಬ್ಯಾಗಿಂದ ಹೊರಗೇ ಬರ್ಲಿಲ್ಲ."

ಇವರೆಲ್ಲ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಪ್ಲಾನ್ ಮಾಡುವ ಕ್ರಮವೇ ಉಲ್ಟಾ, ಅಷ್ಟೇ. ಮೊದಲು ರಾಡ್ ಕೊಳ್ಳುತ್ತಾರೆ, ಆಮೇಲೆ ಕಯಾಕ್ ನೋಡುತ್ತಾರೆ, ಕೊನೆಗೆ ಜಾಗ ಹುಡುಕುತ್ತಾರೆ. ಅನುಮತಿ ಅನ್ನೋದು ಅಲ್ಲಿ ಯಾರೋ ಬಂದು ಎಬ್ಬಿಸಿದಾಗಲೇ ನೆನಪಾಗುವುದು. ಇಲ್ಲಿ ಅದನ್ನೇ ತಿರುಗಿಸಿ ಬರೆದಿದ್ದೇನೆ. ಮೀನು ಒಂಬತ್ತನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಉದಾಹರಣೆಗೆ ಶರಾವತಿ ಹಿನ್ನೀರನ್ನು ಇಟ್ಟುಕೊಂಡಿದ್ದೇನೆ, ನಾನು ಜಾಸ್ತಿ ಓಡಾಡಿರುವುದು ಆ ಕಡೆಯೇ. ಬೇರೆ ಹಿನ್ನೀರಿಗೂ ಕ್ರಮ ಇದೇ.

ಹಂತ 1: ಯಾರ ಜಾಗ, ಯಾರ ನೀರು, ಯಾರ ಮೀನು

ಇವು ಮೂರು ಬೇರೆ ಬೇರೆ ಪ್ರಶ್ನೆ. ಮೂವರು ಬೇರೆ ಬೇರೆ ಜನರನ್ನು ಕೇಳಬೇಕು. ಅಣೆಕಟ್ಟು ಮತ್ತು ನೀರು ಒಬ್ಬರದು. ಶರಾವತಿಯ ಲಿಂಗನಮಕ್ಕಿ ಆದರೆ ಕರ್ನಾಟಕ ವಿದ್ಯುತ್ ನಿಗಮ, ಕೆಆರ್‌ಎಸ್ ಆದರೆ ಕಾವೇರಿ ನೀರಾವರಿ ನಿಗಮ. ದಡದ ನೆಲ ಅರಣ್ಯ ಇಲಾಖೆಯದಿರಬಹುದು, ಕಂದಾಯ ಇಲಾಖೆಯದಿರಬಹುದು, ಯಾರದೋ ಅಡಿಕೆ ತೋಟವೂ ಆಗಿರಬಹುದು. ಮೀನಿನ ವಿಷಯ ಮೀನುಗಾರಿಕೆ ಇಲಾಖೆಗೆ ಸೇರಿದ್ದು. ಎಷ್ಟೋ ಕಡೆ ಮೀನು ಹಿಡಿಯುವ ಹಕ್ಕು ಅಲ್ಲಿನ ಮೀನುಗಾರರ ಸಹಕಾರ ಸಂಘಕ್ಕೆ ಇರುತ್ತದೆ.

ಹಾಗಾಗಿ ಟೆಂಟ್ ಹಾಕಲು ಒಪ್ಪಿಗೆ ಸಿಕ್ಕಿತು ಅಂದರೆ ಗಾಳ ಹಾಕಲೂ ಸಿಕ್ಕಿತು ಅಂತ ಅಲ್ಲ. ಎರಡನ್ನೂ ಬಾಯಿಬಿಟ್ಟು ಕೇಳಿ. ಬರಹದಲ್ಲಿ ತೆಗೆದುಕೊಳ್ಳಿ, ಫೋಟೊ ಹೊಡೆದು ಫೋನಲ್ಲಿ ಇಟ್ಟುಕೊಳ್ಳಿ. "ಅಲ್ಲಿ ಯಾರೂ ಕೇಳಲ್ಲ ಬಿಡು" ಅನ್ನುವ ಗೆಳೆಯ ಪ್ರತಿ ಗುಂಪಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ.

ಬೆಂಗಳೂರಿನವರಿಗೆ ತಕ್ಷಣ ನೆನಪಾಗುವ ಹೆಸರುಗಳು ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ. ಹಿಂದೆ ಅಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ ಗಾಳ ಹಾಕುತ್ತಿದ್ದದ್ದು ನಿಜ. ಆದರೆ ಅದು ಕಾವೇರಿ ವನ್ಯಜೀವಿಧಾಮ. ಗಾಳ ನಿಂತು ಹತ್ತು ವರ್ಷದ ಮೇಲಾಯಿತು. ಹಳೇ ವಿಡಿಯೊ ನೋಡಿ ಹೊರಡಬೇಡಿ. ಕಬಿನಿ ಹಿನ್ನೀರಿನ ಒಂದು ದಡ ನಾಗರಹೊಳೆ, ಇನ್ನೊಂದು ದಡ ಬಂಡೀಪುರ. ಅಲ್ಲಿ ಸ್ವಂತವಾಗಿ ಟೆಂಟ್ ಹಾಕುವ ಮಾತೇ ಇಲ್ಲ. ಮಂಚನಬೆಲೆ ಹತ್ತಿರ ಇದೆ ಅನ್ನುವುದು ಬಿಟ್ಟರೆ ಅದರಲ್ಲಿ ಒಳ್ಳೆಯದೇನಿಲ್ಲ. ಅಲ್ಲಿ ಎಷ್ಟು ಜನ ಮುಳುಗಿದ್ದಾರೆ ಅಂತ ಆ ಊರಿನವರನ್ನೇ ಕೇಳಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಆಗಲೇ ದೋಣಿ ನಡೆಸುತ್ತಿರುವ, ದಡದಲ್ಲಿ ಜನ ಇರುವ ಜಾಗಕ್ಕೆ ಹೋಗಿ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಹರಿಗೋಲು, ಕಯಾಕ್ ಕಲಿಸುವವರಿದ್ದಾರೆ, ಅವರ ನಿಯಮದೊಳಗೆ ದ್ವೀಪದಲ್ಲಿ ಉಳಿಯುವ ವ್ಯವಸ್ಥೆಯೂ ನಡೆದುಬಂದಿದೆ. ಬರೀ ಬಿಳಿಮೀನಿನ ಹುಚ್ಚಿರುವವರು ಕೊಡಗು ವನ್ಯಜೀವಿ ಸಂಘವನ್ನು ಕೇಳಬಹುದು. ವಾಲ್ನೂರು ಕಡೆ ಕಾವೇರಿಯ ಒಂದು ಭಾಗದಲ್ಲಿ ಹಿಡಿದು ಬಿಡುವ ಷರತ್ತಿನ ಮೇಲೆ ಅವರು ಅನುಮತಿ ಕೊಡುತ್ತಾ ಬಂದಿದ್ದಾರೆ. ಅದು ದೋಣಿ-ಟೆಂಟಿನ ಪ್ರವಾಸ ಅಲ್ಲ, ಆ ಮಾತು ಬೇರೆ.

ಹಂತ 2: ತಿಂಗಳು ನೋಡಿ, ನೀರಿನ ಮಟ್ಟ ನೋಡಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೇ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಒಂದು ಕಡೆ ನೀರು ಏರುತ್ತಿರುತ್ತದೆ, ಇನ್ನೊಂದು ಕಡೆ ಅದು ಮೀನು ಮೊಟ್ಟೆ ಇಡುವ ಸಮಯ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿದ್ದು ಮಧ್ಯಾಹ್ನ ಮೂರಕ್ಕೆ ಗುಡುಗು ಸಿಡಿಲು ಶುರುವಾಗುತ್ತದೆ. ಬಯಲು ನೀರಿನ ನಡುವೆ ಎತ್ತರಕ್ಕೆ ಕೂತಿರುವವರು ಆಗ ನೀವೊಬ್ಬರೇ, ಕೈಯಲ್ಲಿ ಬೇರೆ ಕಾರ್ಬನ್ ರಾಡ್.

ಜಲಾಶಯದ ಮಟ್ಟ ದಿನಪತ್ರಿಕೆಯಲ್ಲಿ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ದಿನಾ ಪ್ರಕಟಿಸುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಇವತ್ತಿನ ಅಂಕಿಯನ್ನು ಹೋದ ವಾರದ ಅಂಕಿಯ ಪಕ್ಕ ಇಟ್ಟು ನೋಡಿ. ನೀರು ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಮುಖ್ಯ.

ಇಳಿದ ನೀರಲ್ಲಿ ತೊಂದರೆ ಇನ್ನೊಂದು ಥರ. ಹಿನ್ನೀರಿನ ತಳದಲ್ಲಿ ಹಳೇ ಕಾಡು ಇದೆ. ಬೊಡ್ಡೆಗಳು, ಗೋಡೆಗಳು, ರಸ್ತೆಗಳು ಇವೆ. ಶರಾವತಿಯಲ್ಲಂತೂ ಇಡೀ ಹಿರೇಭಾಸ್ಕರ ಅಣೆಕಟ್ಟೇ ಒಳಗಿದೆ, ನೀರು ತೀರಾ ಇಳಿದ ವರ್ಷ ಮೇಲೆ ಕಾಣುತ್ತದೆ. ಅರ್ಧ ಅಡಿ ನೀರಿನ ಕೆಳಗೆ ಅಡಗಿರುವ ಒಣ ಬೊಡ್ಡೆ ಗಾಳಿ ತುಂಬಿಸುವ ಕಯಾಕನ್ನು ಹರಿಯುವುದಕ್ಕೆ ಒಂದು ಕ್ಷಣ ಸಾಕು. ಮತ್ತೆ, ನೀರು ಹಿಂದೆ ಸರಿದ ಕಡೆ ದಡ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಮಂಡಿವರೆಗೆ ಹೂಳು. ಮೊದಲು ಹುಟ್ಟನ್ನು ನೆಲಕ್ಕೆ ಊರಿ ನೋಡಿ, ಆಮೇಲೆ ಕಾಲು.

ಹಂತ 3: ಸಂಜೆ ನಾಲ್ಕಕ್ಕೆ ಟೆಂಟ್ ನಿಂತಿರಬೇಕು

ಇಡೀ ಪ್ಲಾನ್ ನಿಂತಿರುವುದು ಈ ಒಂದು ಗೆರೆಯ ಮೇಲೆ. ಪೇಪರ್ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯಿರಿ.

ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಡುಗೆ, ನೀರು, ಶೌಚದ ಜಾಗ ನೋಡಿಕೊಳ್ಳಲು ಬೆಳಕಿನಲ್ಲಿ ಎರಡು ಗಂಟೆ ಬೇಕು. ಹಾಗಾಗಿ ನಾಲ್ಕು. ಸಾಮಾನು ಇಳಿಸಿ, ಜಾಗ ಆರಿಸಿ, ಟೆಂಟ್ ಎಬ್ಬಿಸಲು ಒಂದು ಗಂಟೆ, ಅಂದರೆ ಮೂರಕ್ಕೆ ದಡ ಮುಟ್ಟಿರಬೇಕು. ಸಾಮಾನು ತುಂಬಿದ ಕಯಾಕ್ ಹೊಸಬರ ಕೈಯಲ್ಲಿ ಗಂಟೆಗೆ ಮೂರು ಕಿಲೋಮೀಟರ್ ಹೋದರೆ ಹೆಚ್ಚು. ಐದು ಕಿಲೋಮೀಟರ್ ಅಂದರೆ ಸುಧಾರಿಸಿಕೊಳ್ಳುವುದೂ ಸೇರಿ ಎರಡು ಗಂಟೆ. ಅಂದರೆ ಮಧ್ಯಾಹ್ನ ಒಂದಕ್ಕೆ ದೋಣಿ ಹೊರಟಿರಬೇಕು. ಸಾಮಾನು ತುಂಬಲು ಒಂದೂವರೆ ಗಂಟೆ. ಇಲ್ಲ ಇಲ್ಲ, ಅರ್ಧ ಗಂಟೆಯಲ್ಲಿ ಆಗಲ್ಲ, ಯಾರಿಗೂ ಆಗಿಲ್ಲ. ಅಲ್ಲಿಗೆ ಹನ್ನೊಂದೂವರೆ. ಊರಿನವರ ಜೊತೆ ಮಾತು, ರಿಜಿಸ್ಟರಿನಲ್ಲಿ ಹೆಸರು ಬರೆಸುವುದು, ಹೊಟ್ಟೆಗೆ ಏನಾದರೂ ಹಾಕುವುದು: ಹತ್ತೂವರೆಗೆ ನೀವು ನೀರಿನ ಪಕ್ಕ ನಿಂತಿರಬೇಕು.

ಇದರ ಮೇಲೆ ಗಾಳಿ. ಹಿನ್ನೀರಿನಲ್ಲಿ ಬೆಳಿಗ್ಗೆ ನೀರು ಕನ್ನಡಿ ಥರ ಇರುತ್ತದೆ, ಮಧ್ಯಾಹ್ನದ ಮೇಲೆ ಅಲೆ ಏಳುತ್ತದೆ. "ಊಟ ಆದ್ಮೇಲೆ ಗಾಳಿ ಎದ್ಕಳತ್ತೆ ಮಾರಾಯ್ರೆ, ಹೊರಡೋದಾದ್ರೆ ಈಗ್ಲೇ ಹೊರಡಿ" ಅಂತ ಅಲ್ಲಿನ ದೋಣಿಯವರು ಒಬ್ಬರು ನನಗೆ ಮೊದಲ ಸಲವೇ ಹೇಳಿದ್ದರು. ನಾನು ಟೀ ಕುಡಿಯುತ್ತಾ ಕೂತೆ. ಎರಡು ಗಂಟೆಯ ದಾರಿ ನಾಲ್ಕು ಗಂಟೆ ಆಯಿತು, ಅರ್ಧ ದಾರಿಯಲ್ಲಿ ಗೆಳೆಯನ ಕೈ ಸೋತಿತು, ಗಾಳಿ ನಮ್ಮನ್ನು ಬೇರೆಯೇ ದಡಕ್ಕೆ ತಂದು ಹಾಕಿತು. ಆ ರಾತ್ರಿ ನಾವು ಮಲಗಿದ್ದು ದನ ಕಾಯುವವರ ಗುಡಿಸಲ ಪಕ್ಕ. ಅವರು ಕೊಟ್ಟ ಗಂಜಿ ಕುಡಿದು ಮಲಗಿದೆವು. ಹಾಗಾಗಿ ಹತ್ತೂವರೆ ಅನ್ನುವುದು ಕೊನೇ ಗಡುವು, ಬೆಳಿಗ್ಗೆ ಎಂಟು ಒಳ್ಳೆಯದು.

ಈಗ ಲೆಕ್ಕ ನೋಡಿ. ಬೆಂಗಳೂರಿಂದ ಸಾಗರ ಮುನ್ನೂರೈವತ್ತು ಕಿಲೋಮೀಟರ್ ಮೇಲೆ. ಶನಿವಾರ ಬೆಳಿಗ್ಗೆ ಹೊರಟು ಅದೇ ದಿನ ನೀರಿಗಿಳಿಯುವುದು ಆಗದ ಮಾತು. ಒಂದೋ ಶುಕ್ರವಾರ ರಾತ್ರಿಯ ರೈಲು, ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದರೆ ಹೊನ್ನೆಮರಡು ಹತ್ತಿರ. ಇಲ್ಲಾ ಶುಕ್ರವಾರ ಮಧ್ಯಾಹ್ನವೇ ಗೊರಗುಂಟೆಪಾಳ್ಯ ದಾಟಿ, ಸಾಗರದಲ್ಲಿ ರೂಮ್ ಮಾಡಿ. ರಾತ್ರಿಯಿಡೀ ಕಾರು ಓಡಿಸಿ ನಿದ್ದೆಗಣ್ಣಲ್ಲಿ ಹುಟ್ಟು ಹಿಡಿಯುವುದು ಪ್ಲಾನ್ ಅಲ್ಲ. ರೈಲಿನವರಿಗೆ ಒಂದು ಮಾತು: ಗ್ಯಾಸ್ ಡಬ್ಬಿ, ಸ್ಪಿರಿಟ್, ಸೀಮೆಎಣ್ಣೆ ರೈಲಿನಲ್ಲಿ ಒಯ್ಯುವಂತಿಲ್ಲ. ಒಲೆ ಅಲ್ಲೇ ಬಾಡಿಗೆಗೆ ಸಿಗುತ್ತದಾ ಅಂತ ಮೊದಲೇ ಕೇಳಿ. ಸಿಗದಿದ್ದರೆ ಚಪಾತಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಎರಡು ದಿನ ಆರಾಮಾಗಿ ನಡೆಯುತ್ತದೆ.

ಹಂತ 4: ದೋಣಿ, ಜಾಕೆಟ್

ಮೊದಲ ಎರಡು ಟ್ರಿಪ್‌ಗೆ ದೋಣಿ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಹರಿಗೋಲು ನೋಡಲು ಸುಲಭ, ಆದರೆ ಹುಟ್ಟು ಹಾಕಲು ಬರದವರು ಅದರಲ್ಲಿ ಇದ್ದಲ್ಲೇ ಗಿರಗಿರ ತಿರುಗುತ್ತಾರೆ. ಅದಕ್ಕೆ ಊರಿನ ಅಂಬಿಗರೇ ಬೇಕು. ಕಯಾಕ್ ಬೇಗ ಕೈಗೆ ಹತ್ತುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ಹಟ ಮಾಡಿ. ಹಾಕಿಕೊಂಡು ಎಲ್ಲ ಬಕಲ್ ಬಿಗಿ ಮಾಡಿ, ಗೆಳೆಯನಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಕಿವಿವರೆಗೆ ಬಂದರೆ ಅದು ನಿಮ್ಮ ಸೈಜ್ ಅಲ್ಲ. ಒಳಗಿನ ಫೋಮ್ ಒತ್ತಿ ನೋಡಿ. ಪುಡಿಪುಡಿಯಾಗಿದ್ದರೆ, ಒತ್ತಿದ ಕಡೆ ಮತ್ತೆ ಏಳದಿದ್ದರೆ ಬೇರೆ ಕೇಳಿ. ಬಾಡಿಗೆಯವರು "ಏನೂ ಆಗಲ್ಲ ಸಾರ್" ಅಂದರೆ ಆ ಬಾಡಿಗೆಯೇ ಬೇಡ. ಈಜು ಬರುತ್ತದೆ ಅನ್ನುವವರೂ ಹಾಕಬೇಕು. ದೋಣಿಯಲ್ಲಿ ಸೀಟಿನ ಕೆಳಗೆ ಇಟ್ಟ ಜಾಕೆಟ್ ಲೆಕ್ಕಕ್ಕಿಲ್ಲ.

ಕುಡಿತ ಬೇಡ. ನೀರಿನ ಮೇಲೂ ಬೇಡ, ದ್ವೀಪದಲ್ಲೂ ಬೇಡ. ರಾತ್ರಿ ಒಬ್ಬ ದೋಣಿ ಸರಿಯಾಗಿ ಕಟ್ಟಿದೆಯಾ ನೋಡಲು ಹೋಗಿ ಕಾಲು ಜಾರಿದರೆ ಅಲ್ಲಿಗೆ ಆಂಬುಲೆನ್ಸ್ ಬರುವುದಿಲ್ಲ.

ಹಂತ 5: ತೂಕ ಹಾಕಿ, ನಿಜವಾಗಿ ತಕ್ಕಡಿಯಲ್ಲಿ

ಎಡವುವವರಲ್ಲಿ ಅರ್ಧ ಜನ ಎಡವುವುದು ಇಲ್ಲಿ. ಇಬ್ಬರ ಕಯಾಕ್ ಮೇಲೆ 220 ಕೆ.ಜಿ. ಅಂತ ಬರೆದಿದೆ ಅಂದುಕೊಳ್ಳಿ. ಅದು ಮುಳುಗದೆ ತೇಲುವ ತೂಕ. ಹೊಸಬರು ಹಿಡಿತದಲ್ಲಿ ಇಟ್ಟುಕೊಂಡು ನಡೆಸಬಹುದಾದ ತೂಕ ಬೇರೆ. ಮೂರರಲ್ಲಿ ಎರಡು ಪಾಲು ಮಾತ್ರ ನಿಮ್ಮದು ಅಂತ ಇಟ್ಟುಕೊಳ್ಳಿ, ಸುಮಾರು 145. ಎಪ್ಪತ್ತು ಕೆ.ಜಿ.ಯ ಇಬ್ಬರು ಕೂತರೆ 140. ಉಳಿದದ್ದು ಐದು ಕೆ.ಜಿ.

ಈಗ ಕುಡಿಯುವ ನೀರು ತೂಗಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಎರಡು ದಿನಕ್ಕೆ ಎಂಟು, ಇಬ್ಬರಿಗೆ ಹದಿನಾರು ಕೆ.ಜಿ. ನೀರೇ ಹಿಡಿಸಲಿಲ್ಲ, ಟೆಂಟ್ ಎಲ್ಲಿ ಇಡುತ್ತೀರಿ? ಜನ ಏನು ಮಾಡುತ್ತಾರೆ ಗೊತ್ತಾ, ನೀರು ಕಡಿಮೆ ಮಾಡುತ್ತಾರೆ. ಅದು ತಪ್ಪು. ಸರಿಯಾದ ದಾರಿ ಎರಡು: ಸಾಮಾನಿಗೆ ಅಂತಲೇ ಇನ್ನೊಂದು ಕಯಾಕ್, ಇಲ್ಲಾ ಊರಿನ ದೋಣಿಯವರಿಗೆ ಹಣ ಕೊಟ್ಟು ಸಾಮಾನು ಮುಟ್ಟಿಸುವುದು. ಎರಡನೆಯದು ನನಗೆ ಇಷ್ಟ. ನೀವು ಯಾವ ದ್ವೀಪದಲ್ಲಿದ್ದೀರಿ ಅಂತ ಊರಲ್ಲಿ ಒಬ್ಬರಿಗೆ ಗೊತ್ತಿರುತ್ತದೆ.

ತುಂಬುವಾಗ ಭಾರದ್ದು ತಳಕ್ಕೆ, ನಡುವಿಗೆ. ಹಗುರ ಆದದ್ದು ತುದಿಗಳಿಗೆ. ನಿಮ್ಮ ಸೊಂಟಕ್ಕಿಂತ ಎತ್ತರ ಏನೂ ಪೇರಿಸಬೇಡಿ. ಬಟ್ಟೆ, ಮಲಗುವ ಚೀಲ, ಔಷಧಿ ನೀರು ಹೋಗದ ಚೀಲಕ್ಕೆ. ಅದಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು ಪದರ, ಬಾಯಿ ತಿರುಚಿ ಮಡಚಿ ಕಟ್ಟಿದರೆ ನಡೆಯುತ್ತದೆ. ಎಲ್ಲ ಚೀಲವನ್ನೂ ದೋಣಿಗೆ ಕಟ್ಟಿ, ನಿಮ್ಮ ಮೈಗೆ ಮಾತ್ರ ಯಾವ ಹಗ್ಗವೂ ಸುತ್ತಿರಬಾರದು. ವಿಸಿಲ್, ಟಾರ್ಚ್, ಚಾಕು, ಫೋನ್ ಜಾಕೆಟಿನ ಜೇಬಲ್ಲಿ. ದೋಣಿ ಮಗುಚಿದರೆ ಕೈಗೆ ಸಿಗುವುದು ಅಷ್ಟೇ.

ಹಂತ 6: ರಿಹರ್ಸಲ್ ಬೆಂಗಳೂರಲ್ಲೇ

ಹೊರಡುವ ಹಿಂದಿನ ಭಾನುವಾರ ಇದಕ್ಕೆ ಇಡಿ. ಟೆಂಟನ್ನು ತಾರಸಿ ಮೇಲೆ ಎಬ್ಬಿಸಿ. ಗೂಟ ಎಣಿಸಿ. ಒಲೆಗೆ ಡಬ್ಬಿ ಕೂರುತ್ತದಾ ನೋಡಿ. ಕೆಲವು ಡಬ್ಬಿ ತಿರುಗಿಸಿ ಕೂರಿಸುವಂಥವು, ಕೆಲವು ಒತ್ತಿ ಕೂರಿಸುವಂಥವು, ಒಂದರ ಬಾಯಿಗೆ ಇನ್ನೊಂದು ಕೂರುವುದಿಲ್ಲ. ಜಾಕೆಟ್ ಹಾಕಿ ನೀರಿಗಿಳಿದು ನೋಡಲು ನಿಮ್ಮ ಏರಿಯಾದ ಈಜುಕೊಳದವರನ್ನು ಕೇಳಿ, ಪರವಾಗಿಲ್ಲ ಅನ್ನುವವರು ಸಿಗುತ್ತಾರೆ. ನಮ್ಮ ಕೆರೆಗಳಿಗೆ ಇಳಿಯುವ ಐಡಿಯಾ ಬೇಡ. ಅನುಮತಿಯೂ ಇರುವುದಿಲ್ಲ, ಆ ನೀರಿಗೆ ಬಾಯಿ ತಾಗಿದರೆ ಮುಂದಿನ ವಾರ ಟ್ರಿಪ್ಪೂ ಇರುವುದಿಲ್ಲ.

ರಾಡ್ ಬೀಸುವುದನ್ನು ಆಟದ ಮೈದಾನದಲ್ಲಿ ಕಲಿಯಬಹುದು. ಗಾಳ ಬೇಡ, ದಾರದ ತುದಿಗೆ ಒಂದು ನಟ್ ಕಟ್ಟಿ. ಬೆಳಿಗ್ಗೆ ಬೇಗ ಹೋಗಿ, ಕ್ರಿಕೆಟ್ ಹುಡುಗರು ಬರುವ ಮೊದಲು.

ಹಂತ 7: ಚೀಟಿ ಬರೆದಿಡಿ, ಆಮೇಲೆ ನೀರಿಗಿಳಿಯಿರಿ

ಮನೆಯಲ್ಲಿ ಒಬ್ಬರ ಕೈಗೆ, ದಡದ ಊರಲ್ಲಿ ಒಬ್ಬರ ಕೈಗೆ ಒಂದೊಂದು ಚೀಟಿ. ಅದರಲ್ಲಿ ಇಷ್ಟಿರಲಿ: ಯಾರ್ಯಾರು, ಫೋನ್ ನಂಬರ್, ದೋಣಿಯ ಬಣ್ಣ, ಎಲ್ಲಿಂದ ಎಲ್ಲಿಗೆ, "ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ದಡಕ್ಕೆ ಬರ್ತೀವಿ, ಮೂರಾದ್ರೂ ಫೋನ್ ಬರದಿದ್ರೆ ಈ ದೋಣಿಯವರಿಗೆ ಮಾಡಿ, ಅವರೂ ಸಿಗದಿದ್ರೆ 112." ಹಿನ್ನೀರಿನ ನಡುವೆ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಂಡು, ಹೊರಟ ಜಾಗವನ್ನು ಗುರುತು ಹಾಕಿಡಿ. ವಾಪಸ್ ಬರುವಾಗ ಎಲ್ಲ ದಡವೂ ಒಂದೇ ಥರ ಕಾಣುತ್ತದೆ.

ಹೊರಡಬಾರದು ಅನ್ನುವ ಸೂಚನೆಗಳು ಇವು. ಅಲೆಯ ತಲೆ ಮೇಲೆ ಬಿಳಿ ನೊರೆ ಕಾಣುತ್ತಿದೆ. ಊರಿನ ದೋಣಿಗಳೇ ದಡಕ್ಕೆ ಬರುತ್ತಿವೆ. ದೂರದ ಗುಡ್ಡ ಮಳೆಯಲ್ಲಿ ಮಸುಕಾಗಿದೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿತು. ಈ ಕೊನೆಯದು ನೀರಿನ ಮೇಲಿದ್ದಾಗ ಆದರೆ ಹತ್ತಿರದ ದಡ ಹಿಡಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೊನೇ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ, ಹಾಕಿಕೊಳ್ಳಿ.

ನಡುನೀರಲ್ಲಿ ಅಡ್ಡ ಹಾಯಬೇಡಿ. ದಾರಿ ಉದ್ದವಾದರೂ ದಡದ ಪಕ್ಕದಲ್ಲೇ ಸಾಗಿ. ಮಗುಚಿದರೆ ದೋಣಿ ಬಿಡಬೇಡಿ. ದಡ ಹತ್ತಿರ ಕಾಣುತ್ತದೆ, ಈಜಿದಾಗ ದೂರ ಆಗುತ್ತದೆ. ಮಗುಚಿದ ದೋಣಿಯೂ ತೇಲುತ್ತದೆ, ದೂರದಿಂದ ಹುಡುಕುವವರಿಗೆ ಕಾಣುವುದೂ ಅದೇ.

ಹಂತ 8: ಟೆಂಟ್ ಎಲ್ಲಿ

ದಡದಲ್ಲಿ ಕಡ್ಡಿ, ಎಲೆ, ಪ್ಲಾಸ್ಟಿಕ್ ಸಾಲಾಗಿ ಕೂತಿರುವ ಒಂದು ಕಸದ ಗೆರೆ ಕಾಣುತ್ತದೆ. ನೀರು ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಟೆಂಟ್ ಅದಕ್ಕಿಂತ ಮೇಲೆ. ಒಣ ಕೊಂಬೆಯ ಕೆಳಗೆ ಬೇಡ, ಹುತ್ತದ ಪಕ್ಕ ಬೇಡ, ಪ್ರಾಣಿ ನೀರಿಗೆ ಬರುವ ಕಾಲುದಾರಿ ಮೇಲೆ ಬೇಡ. ದೋಣಿಯನ್ನು ಪೂರ್ತಿ ಮೇಲಕ್ಕೆ ಎಳೆದು, ಬೋರಲು ಹಾಕಿ, ಮರಕ್ಕೆ ಕಟ್ಟಿ. ಅರ್ಧ ನೀರಲ್ಲಿ ಬಿಟ್ಟ ದೋಣಿ ಬೆಳಿಗ್ಗೆ ಇರುವುದಿಲ್ಲ. ಆಗ ದ್ವೀಪದಲ್ಲಿ ನೀವು ಮತ್ತು ನಿಮ್ಮ ಅವಲಕ್ಕಿ ಮಾತ್ರ.

ಸೌದೆ ಬೆಂಕಿ ಬೇಡ. ಜನವರಿಯಿಂದ ಕಾಡು ಒಣಗಿರುತ್ತದೆ, ಕಿಡಿ ಸಾಕು. ಶೌಚಕ್ಕೆ ನೀರಿನಿಂದ ಎಪ್ಪತ್ತು ಹೆಜ್ಜೆ ದೂರ, ಒಂದು ಗೇಣು ಗುಂಡಿ ತೋಡಿ ಮುಚ್ಚಿ.

ಶಿವಮೊಗ್ಗ ಕಡೆಯ ಕಾಡಿನಲ್ಲಿ ಒಂದು ವಿಷಯವನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ಮಂಗನ ಕಾಯಿಲೆ. ಉಣ್ಣೆ, ಅಂದರೆ ರಕ್ತ ಹೀರುವ ಸಣ್ಣ ಹುಳು ಕಚ್ಚಿ ಬರುವ ಕಾಯಿಲೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ, ಅಂದರೆ ನಾವು ಹೋಗುವ ಕಾಲದಲ್ಲೇ. ಸಾಗರ ತಾಲ್ಲೂಕಿನಲ್ಲೇ ಇದರಿಂದ ಜನ ಸತ್ತಿದ್ದಾರೆ. ಒಣಗಿದ ಎಲೆ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟ್ ಹಾಕಿ, ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಅಲ್ಲಿ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿಗೆ ಬಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಂತ 9: ಈಗ ಗಾಳ

ಏಳು ಅಡಿಯ ಸಾಧಾರಣ ಸ್ಪಿನ್ನಿಂಗ್ ರಾಡ್, 3000 ಅಥವಾ 4000 ಸೈಜಿನ ರೀಲ್, 12 ಪೌಂಡ್ ನೈಲಾನ್ ದಾರ. ಹೊಸಬರಿಗೆ ಇದು ಧಾರಾಳ ಸಾಕು. ಅಂಗಡಿಯವರು ತೋರಿಸುವ ಬಣ್ಣಬಣ್ಣದ ಲೂರ್‌ಗಳು (ಬೈಟಿನ ಬದಲು ಕಟ್ಟುವ ನಕಲಿ ಮೀನುಗಳು) ಮೀನಿಗಿಂತ ಮೊದಲು ನಿಮ್ಮನ್ನು ಹಿಡಿಯುತ್ತವೆ.

ಮೀನು ಬಿದ್ದು ದಾರ ಹರಿದು ಹೋಯಿತು ಅನ್ನುವವರ ದೂರು ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದು, ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ಬಿಡುವ ರೀಲಿನ ಬ್ರೇಕ್, ಪೂರ್ತಿ ಬಿಗಿ. ಸೂಟ್‌ಕೇಸ್ ತೂಗುವ ಕೈತಕ್ಕಡಿ ದಾರದ ತುದಿಗೆ ಸಿಕ್ಕಿಸಿ ಎಳೆಯಿರಿ. ಒಂದೂವರೆ ಕೆ.ಜಿ. ಹತ್ತಿರ ಬಂದಾಗ ರೀಲ್ ದಾರ ಬಿಡಬೇಕು. 12 ಪೌಂಡ್ ಅಂದರೆ ಐದೂವರೆ ಕೆ.ಜಿ. ಹತ್ತಿರ, ಅದರ ಕಾಲುಭಾಗಕ್ಕೆ ಸ್ವಲ್ಪ ಮೇಲೆ. ಎರಡು, ಗಂಟು. ದಾರವನ್ನು ಕೊಕ್ಕೆಯ ಕಣ್ಣಿಗೆ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ. ಕಣ್ಣಿನ ಪಕ್ಕ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಆಗ ಆಗುವ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ. ಈಗ ಎಂಜಲು ಹಚ್ಚಿ ನಿಧಾನಕ್ಕೆ ಬಿಗಿ ಮಾಡಿ. ಒಣ ದಾರ ಎಳೆದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಸುತ್ತುಗಳು ಸ್ಪ್ರಿಂಗ್ ಥರ ಸಾಲಾಗಿ ಕೂತಿರಬೇಕು, ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಬೈಟಿಗೆ ರಾಗಿ. ಒಂದು ಲೋಟ ರಾಗಿ ಹಿಟ್ಟಿಗೆ ಒಂದು ಚಮಚ ಮೈದಾ, ಸ್ವಲ್ಪ ಕಡಲೆಕಾಯಿ ಹಿಂಡಿ. ನೀರು ಚಿಮುಕಿಸುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡಿ. ಇಪ್ಪತ್ತು ನಿಮಿಷ ಆದ ಮೇಲೆ ತೆಗೆದು, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಿ. ನಾದುತ್ತಾ ನಾದುತ್ತಾ ಅದು ಬಿರುಕು ಬಿಡುವುದು ನಿಲ್ಲಿಸಿ ರಬ್ಬರಿನ ಹಾಗೆ ಆಗುತ್ತದೆ. ಪರೀಕ್ಷೆ ಹೇಗೆ ಅಂದರೆ, ಗೋಲಿ ಗಾತ್ರದ ಉಂಡೆಯನ್ನು ಒಂದು ಚೊಂಬು ನೀರಿಗೆ ಹಾಕಿ ಕಾಲು ಗಂಟೆ ಬಿಡಿ. ನೀರು ಕೆಂಪಗೆ ಕದಡಿದರೆ ಇನ್ನೂ ನಾದಬೇಕು. ತಿಳಿಯಾಗಿದ್ದರೆ ಕೊಕ್ಕೆಯ ಮೇಲೆ ನಿಲ್ಲುತ್ತದೆ. ಇದನ್ನು ಮನೆಯಲ್ಲೇ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಗೆಂಡೆ, ರೋಹು, ಕಟ್ಲಾ ಎಲ್ಲಕ್ಕೂ ನಡೆಯುತ್ತದೆ. ಎರೆಹುಳು ಇನ್ನೂ ಸುಲಭ, ಜಿಲೇಬಿ ಮೀನು ಅದಕ್ಕೆ ಓಡಿ ಬರುತ್ತದೆ.

ಬೆಳಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ, ದಡದಲ್ಲಿ ಕೂತು ಹಾಕಿ. ದೋಣಿಯಲ್ಲಿ ಎದ್ದು ನಿಂತು ಬೀಸುವುದು ಬೇಡ. ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿ. ಮೀನನ್ನು ಬಿಡಲೂ ಸುಲಭ, ನಿಮ್ಮ ಬೆರಳಿಗೆ ಚುಚ್ಚಿದರೆ ತೆಗೆಯಲೂ ಸುಲಭ. ಹರಿದ ದಾರ ನೀರಲ್ಲಿ ಬಿಡಬೇಡಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಾವೇರಿ ನೀರಿನಲ್ಲಿ ಕಿತ್ತಳೆ ರೆಕ್ಕೆ, ಬೆನ್ನು ಗೂನಾದ ಬಿಳಿಮೀನು ಬಿದ್ದರೆ ಅದು ಅಳಿವಿನ ಅಂಚಿನಲ್ಲಿರುವ ಜಾತಿ, 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ ಸೇರಿದೆ. ನೀರಿಂದ ಎತ್ತದೆ, ಒದ್ದೆ ಕೈಯಲ್ಲಿ ಕೊಕ್ಕೆ ಬಿಡಿಸಿ ಕಳಿಸಿ. ಫೋಟೊಕ್ಕೆ ಎದೆಗವಚಿಕೊಂಡು ಐದು ನಿಮಿಷ ನಿಲ್ಲುವವರನ್ನು ನೋಡಿದ್ದೇನೆ, ಆ ಮೀನು ಬಿಟ್ಟ ಮೇಲೆ ಬದುಕುವುದು ಕಷ್ಟ.

ತಿನ್ನಲು ಇಟ್ಟುಕೊಂಡ ಮೀನನ್ನು ಟೆಂಟಿನಿಂದ ದೂರ ಸ್ವಚ್ಛ ಮಾಡಿ. ಕಾವೇರಿ, ಕಾಳಿಯಂಥ ಮೊಸಳೆ ಇರುವ ನೀರಿನಲ್ಲಿ ದಡದಲ್ಲಿ ಕೂತು ಕರುಳು ತೊಳೆಯುವ ಕೆಲಸ ಮಾಡಲೇಬೇಡಿ.

ಹಂತ 10: ವಾಪಸ್

ಭಾನುವಾರ ಬೆಳಗಿನ ಮೀನು ಚೆನ್ನಾಗಿ ಬೀಳುತ್ತಿದ್ದರೂ ಎಂಟೂವರೆಗೆ ದಾರ ಸುತ್ತಿ. ಗಾಳಿ ಏಳುವ ಮೊದಲು ದಡ ಸೇರಬೇಕು, ಶನಿವಾರದ ಲೆಕ್ಕವೇ ಇಲ್ಲೂ. ಕಸವನ್ನೆಲ್ಲ ತುಂಬಿಕೊಳ್ಳಿ. ದಡಕ್ಕೆ ಬಂದ ತಕ್ಷಣ ಚೀಟಿ ಕೊಟ್ಟ ಇಬ್ಬರಿಗೂ ಫೋನ್ ಮಾಡಿ. ಇದನ್ನು ಮರೆತು ನಮ್ಮ ಮನೆಯವರು ಮೂರಕ್ಕೆ ಸರಿಯಾಗಿ ದೋಣಿಯವರಿಗೆ ಫೋನ್ ಮಾಡಿ, ಅವರು ಪಾಪ ನಮ್ಮನ್ನು ಹುಡುಕಿಕೊಂಡು ಹೋಗಿ, ನಾವು ಆ ಹೊತ್ತಿಗೆ ಸಾಗರದಲ್ಲಿ ದೋಸೆ ತಿನ್ನುತ್ತಿದ್ದೆವು.

ಮನೆಗೆ ಬಂದು ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಳ್ಳಿ: ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ, ಸೊಂಟದ ಸುತ್ತ. ಉಣ್ಣೆ ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಸುಡಬೇಡಿ, ಜಜ್ಜಬೇಡಿ. ಮುಂದಿನ ಎರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ನಾನು ಸಾಗರದ ಕಡೆ ಕಾಡಲ್ಲಿ ಮಲಗಿದ್ದೆ" ಅಂತ ನೀವೇ ಹೇಳಬೇಕು. ಬೆಂಗಳೂರಲ್ಲಿ ಅವರು ಮೊದಲು ಡೆಂಗಿ ಟೆಸ್ಟ್ ಬರೆಯುತ್ತಾರೆ, ಮಂಗನ ಕಾಯಿಲೆ ನೆನಪಾಗುವುದು ನೀವು ಹೇಳಿದರೆ ಮಾತ್ರ.